ಬ್ಯಾಟರಿ ಬದಲಾಯಿಸೋ ಮುಂಚೆ ಒಂದ್ಸಲ ಮೀಟರ್ ಇಟ್ಟು ನೋಡಿ: ಮುಂಬೈ ಕಾರಿನವರಿಗೆ ಮನೆಯಲ್ಲೇ ಮಾಡೋ ಎಲೆಕ್ಟ್ರಿಕಲ್ ಚೆಕಪ್

ಮುಂಬೈಯಲ್ಲಿ ಕಾರು ಓಡಿ ಓಡಿ ಹಾಳಾಗೋದಕ್ಕಿಂತ ನಿಂತು ನಿಂತು ಹಾಳಾಗೋದೇ ಜಾಸ್ತಿ. ಸೋಮವಾರದಿಂದ ಶುಕ್ರವಾರ ಲೋಕಲ್ ಟ್ರೇನು, ಶನಿವಾರ ಸಂಜೆ ಸಾಮಾನು ತರೋಕೆ ಒಂದು ರೌಂಡು, ಭಾನುವಾರ ಮಾಟುಂಗಾದಲ್ಲೋ ಕುರ್ಲಾದಲ್ಲೋ ನಮ್ಮವರ ಮದುವೆ ಇದ್ರೆ ಗಾಡಿ ಹೊರಗೆ ಬರತ್ತೆ, ಇಲ್ದಿದ್ರೆ ಸೊಸೈಟಿ ಪಾರ್ಕಿಂಗ್‌ನಲ್ಲಿ ಧೂಳು ತಿಂತಾ ನಿಂತಿರತ್ತೆ. ಹಾಗೆ ನಿಂತ ಗಾಡಿ ಒಂದು ಬೆಳಿಗ್ಗೆ ಟಕಟಕಟಕ ಅಂತ ಶಬ್ದ ಮಾಡಿ ಸುಮ್ಮನಾಗತ್ತೆ. ಫೋನ್ ಮಾಡಿ ಕರೆಸಿದ ಹುಡುಗ ಬಾನೆಟ್ ಎತ್ತಿ, ಹಾಗೇ ಒಂದು ನೋಟ ನೋಡಿ, 'ಸಾಬ್, ಬ್ಯಾಟರಿ ಗಯೀ' ಅಂತಾನೆ, ನಾವು ದುಡ್ಡು ಕೊಟ್ಟು ಹೊಸದು ಹಾಕಿಸ್ತೀವಿ. ಅವನು ಹೇಳಿದ್ದು ಸುಳ್ಳೇ ಅಂತ ನಾನು ಹೇಳಲ್ಲ, ಆದ್ರೆ ಅಳೆದು ನೋಡದೆ ಹೇಳಿದ್ದಂತೂ ಹೌದು. ಎಷ್ಟೋ ಸಲ ಬ್ಯಾಟರಿ ಸರಿಯಾಗೇ ಇರತ್ತೆ, ಚಾರ್ಜ್ ಇಳಿದಿರತ್ತೆ ಅಷ್ಟೇ, ಅಥವಾ ಟರ್ಮಿನಲ್ ಲೂಸ್ ಆಗಿರತ್ತೆ, ಅಥವಾ ಗಾಡಿಯಲ್ಲಿ ಏನೋ ಒಂದು ರಾತ್ರಿಯೆಲ್ಲಾ ಕರೆಂಟ್ ಕುಡೀತಾ ಇರತ್ತೆ. ಇದನ್ನೆಲ್ಲಾ ಮನೆಯಲ್ಲೇ ಕಂಡುಹಿಡಿಯೋದು ಹೇಗೆ ಅನ್ನೋದು ಈ ಬರಹ.

ನಿಂತ ಗಾಡಿಯ ಲೆಕ್ಕ

ಸಣ್ಣ ಪೆಟ್ರೋಲ್ ಕಾರು ಸೆಲ್ಫ್ ಹೊಡೆಯುವಾಗ 150-200 ಆಂಪಿಯರ್ ಎಳೆದ್ರೂ ಅದು ಎರಡು-ಮೂರು ಸೆಕೆಂಡಿನ ಮಾತು, ಲೆಕ್ಕ ಹಾಕಿದ್ರೆ 0.2 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದಷ್ಟು ಚಾರ್ಜ್ ಅಂದ್ರೆ ಒಂದು ಆಂಪಿಯರ್-ಅವರ್) ಕೂಡಾ ಖರ್ಚಾಗಲ್ಲ. ಆದ್ರೆ ಲಾಕ್ ಮಾಡಿ ನಿಲ್ಲಿಸಿದ ಗಾಡಿಯಲ್ಲಿ ಅಲಾರ್ಮ್, ರಿಮೋಟ್ ಲಾಕ್‌ನ ರಿಸೀವರ್, ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಮೆಮೊರಿ, ಗಡಿಯಾರ ಎಲ್ಲಾ ಸೇರಿ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪ್ ಸದಾ ಎಳೀತಾನೇ ಇರತ್ತೆ. 30 ಅಂತ ಇಟ್ಕೊಂಡ್ರೂ ದಿನಕ್ಕೆ 0.7 ಆಂಪಿಯರ್-ಅವರ್ ಆಯ್ತು. ಅಂದ್ರೆ ಗಾಡಿ ಒಂದು ದಿನ ಸುಮ್ಮನೆ ನಿಂತಿದ್ದಕ್ಕೆ ಮೂರ್ನಾಲ್ಕು ಸಲ ಸೆಲ್ಫ್ ಹೊಡೆದಷ್ಟು ಖರ್ಚು! ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗಿ ಮೂರು ವಾರ ಬಿಟ್ಟು ಬರ್ತೀವಲ್ಲ, ಅಷ್ಟರಲ್ಲಿ 15 ಆಂಪಿಯರ್-ಅವರ್ ಹೋಗಿರತ್ತೆ, ಸಣ್ಣ ಕಾರಿನ ಬ್ಯಾಟರಿ ಇರೋದೇ 35ರದ್ದು. ಹೊಸ ಬ್ಯಾಟರಿ ಆದ್ರೆ ತಡ್ಕೊಳ್ಳತ್ತೆ, ಮೂರು ವರ್ಷ ಹಳೇದಾದ್ರೆ ಕೈ ಎತ್ತತ್ತೆ.

ಇನ್ನೊಂದು ತೊಂದ್ರೆ ಏನಂದ್ರೆ ಅರ್ಧಂಬರ್ಧ ಚಾರ್ಜ್‌ನಲ್ಲಿ ವಾರಗಟ್ಟಲೆ ಬಿದ್ದಿದ್ರೆ ಒಳಗಿನ ಪ್ಲೇಟ್ ಮೇಲೆ ಲೆಡ್ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಪೂರ್ತಿ ಬಿಡಲ್ಲ. ಜೊತೆಗೆ ನಮ್ಮ ಸೆಕೆ. ಬಿಸಿಗೆ ಬ್ಯಾಟರಿಯೊಳಗಿನ ನೀರು ಬೇಗ ಆರತ್ತೆ, ಪ್ಲೇಟೂ ಬೇಗ ಸವೆಯತ್ತೆ. ಚಳಿ ದೇಶದವರು ಚಳಿಗಾಲದಲ್ಲಿ ಬ್ಯಾಟರಿ ಸಾಯತ್ತೆ ಅಂತ ಹೇಳ್ತಾರೆ, ನಮ್ಮಲ್ಲಿ ಬೇಸಿಗೆಯಲ್ಲಿ ಏಟು ತಿಂದದ್ದು ಮಳೆಗಾಲದಲ್ಲಿ ಬಿದ್ದುಹೋಗತ್ತೆ, ಯಾಕಂದ್ರೆ ಆಗ ವೈಪರ್, ಹೆಡ್‌ಲೈಟ್, ಡಿಫಾಗರ್, ಎಸಿ ಬ್ಲೋವರ್ ಎಲ್ಲಾ ಒಟ್ಟಿಗೆ ಓಡ್ತಾ ಇರತ್ತೆ, ಗಾಡಿ ಮಾತ್ರ ಟ್ರಾಫಿಕ್‌ನಲ್ಲಿ ತೆವಳ್ತಾ ಇರತ್ತೆ.

ಏನೇನು ಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್. ಲ್ಯಾಮಿಂಗ್ಟನ್ ರೋಡ್‌ನಲ್ಲಿ ಸಿಗೋ ಹಳದಿ ಬಣ್ಣದ ಅಗ್ಗದ್ದೇ ಸಾಕು, ಪುಣೆಯವರಾದ್ರೆ ತಾಪಕೀರ್ ಗಲ್ಲಿ ಇದ್ದೇ ಇದೆ. ಆಮೇಲೆ ಹತ್ತು ಎಂಎಂ ಪಾನಾ, ಹಳೇ ಟೂತ್‌ಬ್ರಷ್, ಅಡುಗೆ ಸೋಡಾ, ವ್ಯಾಸಲಿನ್, ರಬ್ಬರ್ ಗ್ಲೌಸ್, ಕನ್ನಡಕ. ಕನ್ನಡಕ ಯಾಕೆ ಅಂದ್ರೆ ಬ್ಯಾಟರಿಯಲ್ಲಿರೋದು ಸಲ್ಫ್ಯೂರಿಕ್ ಆಸಿಡ್, ಮೇಲಾಗಿ ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬರತ್ತೆ, ಒಂದು ಕಿಡಿ ಸಾಕು ಬ್ಯಾಟರಿ ಒಡೆಯೋಕೆ. ಹಾಗಾಗಿ ಬೀಡಿ-ಸಿಗರೇಟು ದೂರ, ಉಂಗುರ ಮತ್ತು ಸ್ಟೀಲ್ ವಾಚು ಬಿಚ್ಚಿಟ್ಟು ಕೆಲಸ ಶುರು ಮಾಡಿ. ಕಣ್ಣಿಗೆ ಆಸಿಡ್ ಬಿದ್ರೆ ಕಾಲು ಗಂಟೆ ನಲ್ಲಿ ನೀರಲ್ಲಿ ತೊಳೀತಾ ಇರಿ, ಆಮೇಲೆ ನೇರ ಡಾಕ್ಟರ್ ಹತ್ರ.

ಮೊದಲು ವೋಲ್ಟ್ ನೋಡಿ

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡೋ ಮುಂಚೆನೇ ನೋಡ್ಬೇಕು. ಈಗಷ್ಟೇ ಓಡಿಸಿ ಬಂದ ಗಾಡಿ ಸುಳ್ಳು ಹೇಳತ್ತೆ, ಚಾರ್ಜ್ ಇಲ್ದಿದ್ರೂ ಮೇಲ್ಮೇಲೆ ಜಾಸ್ತಿ ವೋಲ್ಟ್ ತೋರಿಸತ್ತೆ. ಮೀಟರ್ ನಾಬನ್ನ ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ. 12.6 ಅಥವಾ ಮೇಲೆ ಇದ್ರೆ ಫುಲ್ ಚಾರ್ಜ್. 12.4 ಅಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ, 12.0 ಅಂದ್ರೆ ಕಾಲು ಭಾಗ ಉಳಿದಿದೆ. 10.5ರ ಹತ್ರ ಬಂದು ನಿಂತು, ಚಾರ್ಜ್ ಹಾಕಿದ್ರೂ ಮೇಲೆ ಏರದೇ ಇದ್ರೆ ಆರರಲ್ಲಿ ಒಂದು ಸೆಲ್ ಹೋಗಿದೆ ಅಂತ ಲೆಕ್ಕ, ಯಾಕಂದ್ರೆ ಒಂದೊಂದು ಸೆಲ್‌ಗೂ 2.1 ವೋಲ್ಟ್.

ವೋಲ್ಟ್ ಒಂದನ್ನೇ ನೋಡಿ ತೀರ್ಮಾನ ಮಾಡ್ಬೇಡಿ. ಮನೆಯಲ್ಲಿ ಯಾರನ್ನಾದ್ರೂ ಕರೆದು ಸೆಲ್ಫ್ ಹೊಡೆಯೋಕೆ ಹೇಳಿ, ನೀವು ಮೀಟರ್ ಮೇಲೆ ಕಣ್ಣಿಟ್ಟಿರಿ. 12.6 ಇದ್ದದ್ದು ಸಟ್ಟಂತ 10.8ಕ್ಕೋ 10.5ಕ್ಕೋ ಇಳಿದು, ಎಂಜಿನ್ ಹತ್ತಿಕೊಂಡ ತಕ್ಷಣ 14ಕ್ಕೆ ಹಾರಿದ್ರೆ ಎಲ್ಲಾ ಸರಿ ಇದೆ ಅಂತ ಅರ್ಥ. 9.6ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿಗೆ ಸುಸ್ತಾಗಿದೆ. ಫುಲ್ ಚಾರ್ಜ್ ಮಾಡಿ ಇನ್ನೊಂದ್ಸಲ ಟೆಸ್ಟ್ ಮಾಡಿ, ಆಗಲೂ ಅಷ್ಟೇ ಬಿದ್ರೆ ಬದಲಾಯಿಸೋದೇ. ಬ್ಯಾಟರಿ ಮೇಲಿರೋ ಮ್ಯಾಜಿಕ್ ಐ (ಚಾರ್ಜ್ ತೋರಿಸೋ ಸಣ್ಣ ಗಾಜಿನ ಕಣ್ಣು) ಹಸಿರಾಗಿದೆಯಲ್ಲ ಅಂತ ಕೆಲವರು ವಾದ ಮಾಡ್ತಾರೆ. ಅದು ಆರು ಸೆಲ್‌ನಲ್ಲಿ ಒಂದೇ ಒಂದರ ಕಥೆ ಹೇಳೋದು ಮಾರಾಯ್ರೇ, ಉಳಿದ ಐದರ ಗತಿ ಅದಕ್ಕೆ ಗೊತ್ತಿಲ್ಲ.

ಶಬ್ದದಿಂದಲೂ ಸುಳಿವು ಸಿಗತ್ತೆ. ಟಕಟಕಟಕ ಅಂತ ಬೇಗ ಬೇಗ ಬಡ್ಕೊಂಡ್ರೆ ಚಾರ್ಜ್ ಕಮ್ಮಿ ಇದೆ ಅಥವಾ ಟರ್ಮಿನಲ್ ಲೂಸ್. ಲೈಟೆಲ್ಲಾ ಜೋರಾಗಿ ಉರೀತಾ ಇದ್ದು ಒಂದೇ ಒಂದು ಸಲ 'ಠಕ್' ಅಂದ್ರೆ ಸೆಲ್ಫ್ ಮೋಟಾರ್ ಕಡೆ ನೋಡ್ಬೇಕು. ಲೈಟೂ ಇಲ್ಲ, ಶಬ್ದವೂ ಇಲ್ಲ ಅಂದ್ರೆ ಮೊದಲು ಟರ್ಮಿನಲ್ ಅಲ್ಲಾಡಿಸಿ ನೋಡಿ, ಆಮೇಲೆ ಮೇನ್ ಫ್ಯೂಸು.

ಟರ್ಮಿನಲ್ ಕ್ಲೀನಿಂಗ್

ಖರ್ಚಿಲ್ಲದ ಕೆಲಸ, ಲಾಭ ಜಾಸ್ತಿ, ಆದ್ರೆ ಯಾರೂ ಮಾಡಲ್ಲ. ಪ್ಲಸ್ ಟರ್ಮಿನಲ್ ಮೇಲಿನ ಕೆಂಪು ಪ್ಲಾಸ್ಟಿಕ್ ಮುಚ್ಚಳ ಎತ್ತಿ ನೋಡಿ, ಅಡಿಯಲ್ಲಿ ಬಿಳಿ-ನೀಲಿ-ಹಸಿರು ಪುಡಿ ಕಟ್ಟಿರತ್ತೆ, ಕೆಲವು ಗಾಡಿಯಲ್ಲಂತೂ ಬೋಲ್ಟೇ ಕಾಣದಷ್ಟು. ಬ್ಯಾಟರಿಯಿಂದ ಸೋರೋ ಆಸಿಡ್ ಆವಿ ಲೋಹ ತಿಂದು ಆಗೋ ಪುಡಿ ಅದು, ಸಮುದ್ರದ ಉಪ್ಪುಗಾಳಿ ಬೇರೆ ಸೇರಿದ್ರೆ ಕೇಳೋದೇ ಬೇಡ.

ಇಗ್ನಿಷನ್ ಆಫ್ ಮಾಡಿ, ಕೀ ಜೇಬಲ್ಲಿ ಇಟ್ಕೊಳ್ಳಿ. ಯಾವಾಗಲೂ ಮೊದಲು ಮೈನಸ್ ಬಿಚ್ಚಬೇಕು, ಆಮೇಲೆ ಪ್ಲಸ್. ಯಾಕಂದ್ರೆ ಗಾಡಿ ಬಾಡಿ ಪೂರ್ತಿ ಮೈನಸ್ಸೇ. ಮೈನಸ್ ಇನ್ನೂ ಹಾಕಿರುವಾಗಲೇ ಪ್ಲಸ್ ಬಿಚ್ಚೋಕೆ ಹೋಗಿ ಪಾನಾ ಬಾಡಿಗೆ ತಾಗಿದ್ರೆ ಅಲ್ಲೇ ವೆಲ್ಡಿಂಗ್ ಆಗತ್ತೆ. ಮೈನಸ್ ಮೊದಲೇ ಬಿಚ್ಚಿಟ್ಟಿದ್ರೆ ತಾಗಿದ್ರೂ ಏನೂ ಆಗಲ್ಲ. ಕ್ಲಾಂಪ್ (ಕೇಬಲ್ ತುದಿಯ ಹಿಡಿ) ಅಂಟಿಕೊಂಡಿದ್ರೆ ಸುತ್ತಿಗೆಯಲ್ಲಿ ಹೊಡೀಬೇಡಿ, ಪೋಸ್ಟ್ (ಬ್ಯಾಟರಿ ಮೇಲಿನ ಗೂಟ) ಸೀಸದ್ದು, ಬುಡದಲ್ಲಿ ಬಿರುಕು ಬಿಡತ್ತೆ. ಮೆಲ್ಲಗೆ ಎಡ-ಬಲ ತಿರುಗಿಸ್ತಾ ಎತ್ತಿ.

ಒಂದು ಲೋಟ ಬಿಸಿ ನೀರಿಗೆ ಒಂದು ಚಮಚ ಸೋಡಾ ಹಾಕಿ ಕಲಸಿ, ಬ್ರಷ್ ಅದ್ದಿ ಆ ಪುಡಿ ಮೇಲೆ ಹಚ್ಚಿ. ಬುಸ್ ಅಂತ ನೊರೆ ಬರತ್ತೆ, ಪುಡಿ ಕಂದು ನೀರಾಗಿ ಇಳಿಯತ್ತೆ. ನೊರೆ ಬರೋದು ನಿಂತ್ರೆ ಆಸಿಡ್ ಮುಗೀತು ಅಂತ. ಸೋಡಾ ನೀರು ಬ್ಯಾಟರಿ ಒಳಗೆ ಹೋಗೋ ಹಾಗಿಲ್ಲ, ಮುಚ್ಚಳ ಎಲ್ಲಾ ಟೈಟ್ ಇದೆಯಾ ಅಂತ ಮೊದಲೇ ನೋಡ್ಕೊಳ್ಳಿ. ಆಮೇಲೆ ಒದ್ದೆ ಬಟ್ಟೆ, ಒಣ ಬಟ್ಟೆ, ಕ್ಲಾಂಪ್ ಒಳಗಡೆ ಮತ್ತು ಪೋಸ್ಟ್ ಎರಡನ್ನೂ ಸಣ್ಣ ಮರಳು ಕಾಗದದಲ್ಲಿ ಉಜ್ಜಿ ಹೊಳೆಯೋ ಹಾಗೆ ಮಾಡಿ. ವಾಪಸ್ ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಕೈಯಲ್ಲಿ ತಿರುಗಿಸಿದ್ರೆ ಅಲ್ಲಾಡಬಾರದು, ಅಷ್ಟು ಟೈಟ್ ಸಾಕು. ಟೈಟ್ ಆದ್ಮೇಲೆ ಮೇಲಿಂದ ತೆಳ್ಳಗೆ ವ್ಯಾಸಲಿನ್ ಹಚ್ಚಿ. ಮೊದಲೇ ಹಚ್ಚಬೇಡಿ. ಬ್ಯಾಟರಿಯನ್ನ ಹಿಡಿದಿಟ್ಟಿರೋ ಪಟ್ಟಿಯನ್ನೂ ಬಿಗಿ ಮಾಡಿ, ನಮ್ಮ ರಸ್ತೆ ಗುಂಡಿಗಳಿಗೆ ಬ್ಯಾಟರಿ ಕುಣೀತಾ ಇದ್ರೆ ಒಳಗಿನ ಪ್ಲೇಟ್ ಉದುರತ್ತೆ.

ಬ್ಯಾಟರಿ ಬಿಚ್ಚಿದ್ರೆ ಗಡಿಯಾರ ಜೀರೋ ಆಗತ್ತೆ, ಕೆಲವು ಗಾಡಿಯಲ್ಲಿ ಮ್ಯೂಸಿಕ್ ಸಿಸ್ಟಮ್ ಕೋಡ್ ಕೇಳತ್ತೆ, ಅದನ್ನ ಮ್ಯಾನ್ಯುಯಲ್ ಪುಸ್ತಕದಲ್ಲಿ ಮೊದಲೇ ಹುಡುಕಿ ಇಟ್ಕೊಳ್ಳಿ. ಆಟೋ ಪವರ್ ವಿಂಡೋವನ್ನೂ ಹೊಸದಾಗಿ ಸೆಟ್ ಮಾಡ್ಬೇಕಾಗಬಹುದು.

ಮುಚ್ಚಳ ಬಿಚ್ಚೋಕಾಗೋ ಬ್ಯಾಟರಿ ಆದ್ರೆ ನೀರೂ ನೋಡಿ. ಪ್ಲೇಟ್ ಮುಳುಗಿರಬೇಕು, ಹೊರಗಿನ ಮಿನಿಮಮ್-ಮ್ಯಾಕ್ಸಿಮಮ್ ಗೆರೆ ನಡುವೆ ಮಟ್ಟ ಇರಬೇಕು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಏನೂ ಹಾಕ್ಬೇಡಿ. ನಲ್ಲಿ ನೀರು ಬೇಡ, ಬಿಸ್ಲೇರಿ ಬೇಡ, ಆರ್‌ಒ ಬೇಡ, 'ಎಸಿಯಿಂದ ತೊಟ್ಟಿಕ್ಕೋ ನೀರೂ ಡಿಸ್ಟಿಲ್ಡೇ ಅಲ್ವಾ' ಅನ್ನೋ ಜಾಣತನವೂ ಬೇಡ, ಅದರಲ್ಲಿ ಕಾಯಿಲ್‌ನ ಧೂಳು, ಲೋಹ ಎಲ್ಲಾ ಇರತ್ತೆ. ಆಸಿಡ್ ಅಂತೂ ಹಾಕಲೇಬೇಡಿ, ಆರಿಹೋಗೋದು ನೀರು ಮಾತ್ರ.

ಡೈನಮೋ ಚಾರ್ಜ್ ಮಾಡ್ತಿದೆಯಾ?

ಮೆಕ್ಯಾನಿಕ್‌ಗಳು ಈಗಲೂ ಡೈನಮೋ ಅಂತಾರೆ, ಪೇಪರಲ್ಲಿ ಆಲ್ಟರ್ನೇಟರ್. ಎಂಜಿನ್ ಓಡ್ತಿರುವಾಗ ಬ್ಯಾಟರಿ ಮೇಲೆ 13.8ರಿಂದ 14.5 ಬರಬೇಕು. ಈಗ ಹೆಡ್‌ಲೈಟ್, ಎಸಿ, ಬ್ಲೋವರ್ ಎಲ್ಲಾ ಹಾಕಿ, 13.3-13.5ರ ಕೆಳಗೆ ಇಳೀಬಾರದು. 12.5ರಲ್ಲೇ ನಿಂತಿದ್ರೆ ಚಾರ್ಜ್ ಆಗ್ತಾನೇ ಇಲ್ಲ, ಬೆಲ್ಟ್ ಸಡಿಲ ಆಗಿದೆಯಾ, ಮಳೆಯಲ್ಲಿ ಕೀಂ ಅಂತ ಕೂಗತ್ತಾ ನೋಡಿ. 15 ದಾಟಿದ್ರೆ ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್ ಕೆಟ್ಟಿದೆ, ಅದು ಬ್ಯಾಟರಿಯನ್ನ ಕುದಿಸತ್ತೆ. ಸ್ಟಾರ್ಟ್-ಸ್ಟಾಪ್ (ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಂತು ತಾನೇ ಹತ್ತೋ) ಮತ್ತು ಸ್ಮಾರ್ಟ್ ಹೈಬ್ರಿಡ್ ಗಾಡಿಗಳಿಗೆ ಈ ಲೆಕ್ಕ ನೇರವಾಗಿ ಹೊಂದಲ್ಲ, ಅವು ಪರಿಸ್ಥಿತಿ ನೋಡ್ಕೊಂಡು ಚಾರ್ಜಿಂಗ್ ಏರಿಳಿಸ್ತಾವೆ.

ಕೆಲವು ಹಳೇ ಮೇಸ್ತ್ರಿಗಳು ಎಂಜಿನ್ ಓಡ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು 'ನೋಡಿ, ಗಾಡಿ ಬಂದಾಗಲಿಲ್ಲ, ಡೈನಮೋ ಓಕೆ' ಅಂತ ತೋರಿಸ್ತಾರೆ. ನಿಮ್ಮ ಗಾಡಿ ಮೇಲೆ ಇದನ್ನ ಮಾಡೋಕೆ ಬಿಡಬೇಡಿ. ಬ್ಯಾಟರಿ ಇಲ್ದೇ ವೋಲ್ಟೇಜ್ ಒಂದೇ ಸಲ ಮೇಲೆ ಹಾರಿ ಇಸಿಯು ಸುಟ್ಟುಹೋದ್ರೆ ಹತ್ತು ಬ್ಯಾಟರಿಯ ದುಡ್ಡು ಹೋಗತ್ತೆ.

ರಾತ್ರಿ ಕರೆಂಟ್ ಕುಡಿಯೋ ಕಳ್ಳ

ನಮ್ಮ ಬಿಲ್ಡಿಂಗ್‌ನ ಮೂರನೇ ಮಾಳಿಗೆಯ ಅಂಕಲ್ ಒಬ್ರು ಹೊಸ ಬ್ಯಾಟರಿ ಹಾಕಿಸಿ ತಿಂಗಳೊಳಗೆ ಮತ್ತೆ ಡೌನ್ ಆಯ್ತು ಅಂತ ತಲೆ ಮೇಲೆ ಕೈ ಹೊತ್ತು ಪಾರ್ಕಿಂಗ್‌ನಲ್ಲಿ ನಿಂತಿದ್ರು. 'ಅಂಕಲ್, ಈ ದೊಡ್ಡ ಸ್ಕ್ರೀನಿನ ಸ್ಟೀರಿಯೋ ಯಾವಾಗ ಹಾಕಿಸಿದ್ರಿ?' ಅಂದೆ. 'ಅದಾ? ಚೌತಿಗೆ ಊರಿಗೆ ಹೋಗೋ ಮುಂಚೆ. ಅದಕ್ಕೂ ಇದಕ್ಕೂ ಏನು ಸಂಬಂಧ ಮಾರಾಯ?' ಸಂಬಂಧ ಇತ್ತು. ಹೊರಗಡೆ ಫಿಟ್ ಮಾಡೋ ಸ್ಟೀರಿಯೋದಲ್ಲಿ ಹಳದಿ ವೈರು ಮೆಮೊರಿಗೆ, ಅದಕ್ಕೆ ಯಾವಾಗಲೂ ಸಪ್ಲೈ ಬೇಕು. ಕೆಂಪು ವೈರು ಇಗ್ನಿಷನ್‌ಗೆ, ಕೀ ತಿರುಗಿಸಿದಾಗ ಮಾತ್ರ ಬರಬೇಕು. ಫಿಟ್ ಮಾಡಿದವರು ಎರಡನ್ನೂ ಒಟ್ಟಿಗೆ ಸುತ್ತಿ ಟೇಪ್ ಹೊಡೆದಿದ್ರು. ಸ್ಕ್ರೀನ್ ಕಪ್ಪಾಗಿದ್ರೂ ಒಳಗೆ ಸ್ಟೀರಿಯೋ ರಾತ್ರಿಯಿಡೀ ಎಚ್ಚರ!

ಹುಡುಕೋ ಕ್ರಮ ಹೀಗೆ. ಮೀಟರ್‌ನ ಕೆಂಪು ವೈರನ್ನ 10 ಆಂಪ್ ತೂತಿಗೆ ಬದಲಾಯಿಸಿ, ನಾಬ್ 10 ಆಂಪ್‌ಗೆ. ಬಾನೆಟ್ ತೆರೆದೇ ಇರ್ಲಿ, ಬಾಗಿಲು ಎಲ್ಲಾ ಹಾಕಿ, ಕೀ ಮನೆಯಲ್ಲಿ ಬಿಡಿ. ಮೈನಸ್ ಕೇಬಲ್ ಬಿಚ್ಚಿ, ಬ್ಯಾಟರಿಯ ಮೈನಸ್ ಪೋಸ್ಟ್‌ಗೂ ಆ ಕೇಬಲ್‌ಗೂ ನಡುವೆ ಮೀಟರ್ ಸೇರಿಸಿ. ಶುರುವಲ್ಲಿ ಜಾಸ್ತಿ ತೋರಿಸತ್ತೆ, ಗಾಬರಿ ಬೇಡ, ಗಾಡಿಯ ಕಂಪ್ಯೂಟರೆಲ್ಲಾ ಮಲಗೋಕೆ ಅರ್ಧ ಗಂಟೆ ಬೇಕಾಗಬಹುದು. ಒಂದು ಚಾ ಕುಡಿದು ಬನ್ನಿ. ಆಮೇಲೂ 0.05 ಆಂಪ್‌ಗಿಂತ (ಅಂದ್ರೆ 50 ಮಿಲಿಆಂಪ್) ಜಾಸ್ತಿ ಇದ್ರೆ ಫ್ಯೂಸ್‌ಗಳನ್ನ ಒಂದೊಂದೇ ಕಿತ್ತು ನೋಡಿ, ಯಾವುದನ್ನ ಕಿತ್ತಾಗ ರೀಡಿಂಗ್ ಬೀಳತ್ತೋ ಆ ಲೈನಲ್ಲೇ ಕಳ್ಳ ಇದಾನೆ. ಪಾರ್ಕಿಂಗ್ ಮೋಡ್‌ನ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಓಬಿಡಿ ಡಾಂಗಲ್ (ಸ್ಟೀರಿಂಗ್ ಅಡಿಯ ಡಯಾಗ್ನೋಸ್ಟಿಕ್ ಸಾಕೆಟ್‌ಗೆ ಚುಚ್ಚೋ ಸಾಧನ), ಡಿಕ್ಕಿ ಒಳಗಿನ ಲೈಟು, ಇವನ್ನೇ ಮೊದಲು ಸಂಶಯ ಪಡಿ. ಮೀಟರ್ ಹೀಗೆ ಸೇರಿಸಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೀಬೇಡಿ, ಮೀಟರ್ ಸುಟ್ಟುಹೋಗತ್ತೆ. ಕೆಲಸ ಮುಗಿದ ಕೂಡ್ಲೇ ಕೆಂಪು ವೈರನ್ನ ವೋಲ್ಟ್ ತೂತಿಗೆ ವಾಪಸ್ ಹಾಕಿ, ಮರೆತು ಅದರಲ್ಲೇ ವೋಲ್ಟ್ ನೋಡೋಕೆ ಹೋದ್ರೆ ನೇರ ಶಾರ್ಟ್.

ಮೂರು ವಾರಕ್ಕಿಂತ ಜಾಸ್ತಿ ಊರಲ್ಲಿರೋದಾದ್ರೆ ಮೈನಸ್ ಬಿಚ್ಚಿ ಹೋಗೋದೇ ಸುಲಭ. ರಿಮೋಟ್ ಲಾಕ್ ಕೆಲಸ ಮಾಡಲ್ಲ, ರಿಮೋಟ್ ಒಳಗಿರೋ ಮಾಮೂಲಿ ಕೀಯಲ್ಲಿ ಡ್ರೈವರ್ ಬಾಗಿಲು ತೆರೆಯತ್ತಾ ಅಂತ ಹೊರಡೋ ಮುಂಚೆ ಒಂದ್ಸಲ ನೋಡಿಟ್ಕೊಳ್ಳಿ. ಮುಂಬೈಯಲ್ಲೇ ಇದ್ದೀರಿ ಆದ್ರೆ ಓಡಿಸಲ್ಲ ಅಂದ್ರೆ ವಾರಕ್ಕೊಂದು ಸಲ ಅರ್ಧ-ಮುಕ್ಕಾಲು ಗಂಟೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಮೇಲೆ ಓಡಿಸಿ ಬನ್ನಿ. ಪಾರ್ಕಿಂಗ್‌ನಲ್ಲೇ ನಿಲ್ಲಿಸಿ ಐದು ನಿಮಿಷ ಸ್ಟಾರ್ಟ್ ಮಾಡಿಡೋದರಿಂದ ಹೆಚ್ಚೇನೂ ತುಂಬಲ್ಲ, ಪೆಟ್ರೋಲ್ ದಂಡ.

ಚಾರ್ಜರ್ ಇದ್ರೆ ಇನ್ನೂ ಒಳ್ಳೇದು. ಬ್ಯಾಟರಿ ಕೆಪಾಸಿಟಿಯ ಹತ್ತರಲ್ಲೊಂದು ಭಾಗ ಕರೆಂಟ್ ಸಾಕು, 35ಕ್ಕೆ ಮೂರೂವರೆ ಆಂಪ್, ರಾತ್ರಿ ಹಾಕಿದ್ರೆ ಬೆಳಿಗ್ಗೆ ರೆಡಿ, ಆಟೋ ಕಟ್‌ಆಫ್ ಇರೋದನ್ನೇ ತಗೊಳ್ಳಿ. ಬ್ಯಾಟರಿಯನ್ನ ಮನೆಗೆ ತಂದು ಚಾರ್ಜ್ ಮಾಡೋದಾದ್ರೆ ಬಾಲ್ಕನಿಯಲ್ಲಿ ಮಾಡಿ, ಅಡುಗೆಮನೆ ಮತ್ತು ದೇವರ ದೀಪದಿಂದ ದೂರ.

ಜಂಪ್ ಸ್ಟಾರ್ಟ್

ಇದರಲ್ಲಿ ಕ್ರಮವೇ ಮುಖ್ಯ. ಎರಡೂ ಗಾಡಿ 12 ವೋಲ್ಟಿನವೇ ಆಗಿರಬೇಕು, ಎರಡೂ ಆಫ್ ಇರಬೇಕು, ಒಂದಕ್ಕೊಂದು ತಾಗಿರಬಾರದು.

1. ಕೆಂಪು ಕೇಬಲ್‌ನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ.
2. ಇನ್ನೊಂದು ತುದಿ ಒಳ್ಳೇ ಬ್ಯಾಟರಿಯ ಪ್ಲಸ್‌ಗೆ.
3. ಕಪ್ಪು ಕೇಬಲ್‌ನ ಒಂದು ತುದಿ ಒಳ್ಳೇ ಬ್ಯಾಟರಿಯ ಮೈನಸ್‌ಗೆ.
4. ಉಳಿದ ತುದಿ ಸತ್ತ ಗಾಡಿಯ ಎಂಜಿನ್ ಮೇಲೆ ಬಣ್ಣ ಇಲ್ಲದ ಲೋಹದ ಜಾಗಕ್ಕೆ. ಬ್ಯಾಟರಿಗಲ್ಲ, ಕಿಡಿ ಹಾರೋದು ಈ ಕೊನೇ ಜೋಡಣೆಯಲ್ಲೇ.

ಒಳ್ಳೇ ಗಾಡಿ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಿ, ಆಮೇಲೆ ಸತ್ತ ಗಾಡಿ ಟ್ರೈ ಮಾಡಿ. ಹತ್ತಿಕೊಂಡ್ಮೇಲೆ ಉಲ್ಟಾ ಕ್ರಮದಲ್ಲಿ ಬಿಚ್ಚಿ. ರಸ್ತೆ ಬದಿಯ ತೆಳ್ಳಗಿನ ಕೇಬಲ್ ತಗೋಬೇಡಿ, ಮೇಲೆ ದಪ್ಪ ರಬ್ಬರ್, ಒಳಗೆ ನಾಲ್ಕು ಎಳೆ ತಂತಿ, ಕೈಗೆ ಬಿಸಿ ಬರತ್ತೆ ಆದ್ರೆ ಗಾಡಿ ಹತ್ತಲ್ಲ. ಸ್ಟ್ಯಾಕ್ ಪಾರ್ಕಿಂಗ್ (ಗಾಡಿ ಮೇಲೆ ಗಾಡಿ ನಿಲ್ಲಿಸೋದು) ಇರೋರಿಗೆ ಜಂಪರ್ ಕೇಬಲ್ಲೇ ಉಪಯೋಗಕ್ಕೆ ಬರಲ್ಲ, ಪಕ್ಕಕ್ಕೆ ಇನ್ನೊಂದು ಗಾಡಿ ಬರೋಕೆ ಜಾಗ ಎಲ್ಲಿ? ಅಂಥವರು ಪವರ್ ಬ್ಯಾಂಕ್ ತರಹದ ಜಂಪ್ ಸ್ಟಾರ್ಟರ್ ಇಟ್ಕೊಳ್ಳೋದು ವಾಸಿ. ಧಕ್ಕಾ ಸ್ಟಾರ್ಟ್ ಆಗೋದು ಮ್ಯಾನ್ಯುಯಲ್ ಗೇರ್‌ಗೆ ಮಾತ್ರ. ಆಟೋಮ್ಯಾಟಿಕ್‌ನವರು, ಎಎಂಟಿ (ಕ್ಲಚ್ ಪೆಡಲ್ ಇಲ್ಲದ, ತಾನೇ ಗೇರ್ ಬದಲಾಯಿಸೋ ಗಾಡಿ) ಯವರು ವಾಚ್‌ಮನ್‌ಗಳನ್ನ ಸುಮ್ನೆ ಸುಸ್ತು ಮಾಡಿಸ್ಬೇಡಿ.

ಫ್ಯೂಸು, ಬಲ್ಬು, ಇಲಿ

ಹಾರ್ನ್ ಇಲ್ಲ, ಚಾರ್ಜರ್ ಸಾಕೆಟ್ ಕೆಲಸ ಮಾಡ್ತಿಲ್ಲ ಅಂದ್ರೆ ಗ್ಯಾರೇಜ್‌ಗೆ ಹೋಗೋ ಮುಂಚೆ ಫ್ಯೂಸ್ ನೋಡಿ. ಮುಚ್ಚಳದ ಮೇಲೇ ನಕ್ಷೆ ಇರತ್ತೆ. ಬಣ್ಣದಲ್ಲೇ ಆಂಪ್ ಗೊತ್ತಾಗತ್ತೆ: ಕೆಂಪು 10, ನೀಲಿ 15, ಹಳದಿ 20, ಹಸಿರು 30. ಸುಟ್ಟಿದ್ರೆ ಅದೇ ಬಣ್ಣದ್ದು ಹಾಕಿ. ಮತ್ತೆ ಸುಟ್ರೆ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ, ದೊಡ್ಡ ಫ್ಯೂಸ್ ಹಾಕಿದ್ರೆ ಫ್ಯೂಸ್ ಬದಲು ವೈರ್ ಸುಡತ್ತೆ. ಅದೇ ಕಾರಣಕ್ಕೆ 60 ವಾಟಿನ ಜಾಗದಲ್ಲಿ 100 ವಾಟಿನ ಹೆಡ್‌ಲೈಟ್ ಬಲ್ಬೂ ಬೇಡ, ವೈರ್‌ನಲ್ಲಿ ಹುಟ್ಟೋ ಬಿಸಿ ಎರಡೂವರೆ ಪಟ್ಟಿಗಿಂತ ಜಾಸ್ತಿ ಆಗತ್ತೆ, ಹೋಲ್ಡರ್ ಕರಗತ್ತೆ. ಹ್ಯಾಲೋಜನ್ ಬಲ್ಬಿನ ಗಾಜನ್ನ ಬರಿಗೈಯಲ್ಲಿ ಮುಟ್ಟಬೇಡಿ.

ಇಲಿಗಳ ಕಾಟಕ್ಕೆ ನಮ್ಮ ಸೊಸೈಟಿಗಳಲ್ಲಿ ರಾತ್ರಿ ಬಾನೆಟ್ ಎತ್ತಿ ಇಟ್ಟಿರೋ ಗಾಡಿ ಎಷ್ಟೊಂದು ಕಾಣತ್ತೆ. ಸ್ವಲ್ಪ ಉಪಯೋಗ ಇದೆ, ಇಲಿಗೆ ಬೇಕಿರೋದು ಕತ್ತಲು ಮತ್ತು ಬೆಚ್ಚಗಿನ ಮೂಲೆ. ಆದ್ರೆ ಬಾನೆಟ್ ಅಡಿ ಲೈಟ್ ಇದ್ರೆ ಅದನ್ನ ತೆಗೆದಿಡಿ, ಇಲ್ದಿದ್ರೆ ಅದೇ ಬ್ಯಾಟರಿ ಇಳಿಸತ್ತೆ. ಗಾಡಿಯಲ್ಲಿ ಚಕ್ಕುಲಿ-ಬಿಸ್ಕೆಟ್ ಚೂರು ಬಿಡಬೇಡಿ. ಹಿಕ್ಕೆ ಅಥವಾ ಕಡಿದ ಸ್ಪಂಜು ಕಂಡ್ರೆ ಸ್ಟಾರ್ಟ್ ಮಾಡೋ ಮುಂಚೆ ವೈರ್‌ಗಳನ್ನ ಟಾರ್ಚ್ ಹಾಕಿ ನೋಡಿ.

ನೀರು ನುಗ್ಗಿದ್ರೆ

2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದದ್ದನ್ನ ನೋಡಿದವರಿಗೆ ಹೇಳೋದು ಬೇಕಿಲ್ಲ, ಆದ್ರೆ ಹಿಂದ್‌ಮಾತಾದಲ್ಲಿ, ಅಂಧೇರಿ ಸಬ್‌ವೇಯಲ್ಲಿ ಪ್ರತೀ ವರ್ಷ ಯಾರಾದ್ರೂ ಸಿಕ್ಕಿಹಾಕ್ಕೊಳ್ತಾನೇ ಇರ್ತಾರೆ. ಪಾರ್ಕಿಂಗ್‌ನಲ್ಲಿ ಸೀಟಿನ ತನಕ ನೀರು ಬಂದು ಇಳಿದಿದ್ರೆ ಕೀ ತಿರುಗಿಸಿ ನೋಡೋ ಚಪಲ ಬಿಡಿ. ನೀರು ಇಳಿದ ಮೇಲೆ ಮೈನಸ್ ಬಿಚ್ಚಿ, ಫೋಟೋ ತೆಗೆದು ಇನ್ಶೂರೆನ್ಸ್‌ಗೆ ಫೋನ್ ಮಾಡಿ, ಟೋ ಮಾಡಿಸಿ. ಎಲೆಕ್ಟ್ರಿಕ್ ಅಥವಾ ಫುಲ್ ಹೈಬ್ರಿಡ್ ಗಾಡಿ ಆದ್ರೆ ಕೇಸರಿ ಬಣ್ಣದ ದಪ್ಪ ಕೇಬಲ್ ಹತ್ತಿರ ಕೈ ಹಾಕಲೇಬೇಡಿ, ಅದು ನೂರಾರು ವೋಲ್ಟ್, ನಮ್ಮ ಪಾನಾದ ಕೆಲಸ ಅಲ್ಲ.

ಕೊನೆಗೂ ಹೊಸದೇ ಬೇಕು ಅಂದ್ರೆ

ಮೊದಲು ಹಳೇ ವಾರಂಟಿ ಕಾರ್ಡ್ ಹುಡುಕಿ. ಫ್ರೀ ರಿಪ್ಲೇಸ್‌ಮೆಂಟ್ ಅವಧಿ ಮುಗಿದಿದ್ರೂ ಪ್ರೊ-ರೇಟಾದಲ್ಲಿ (ಉಳಿದ ವಾರಂಟಿ ಅವಧಿಯ ಲೆಕ್ಕದಲ್ಲಿ) ಸ್ವಲ್ಪ ಡಿಸ್ಕೌಂಟ್ ಸಿಗಬಹುದು. ಸೈಜ್ ಮತ್ತು ಪ್ಲಸ್-ಮೈನಸ್ ಯಾವ ಕಡೆ ಇದೆ ಅನ್ನೋದು ಹಳೇದಕ್ಕೆ ಸರಿಯಾಗಿ ಹೊಂದಬೇಕು, ಇಲ್ದಿದ್ರೆ ಕೇಬಲ್ ಎಳೆದು ಎಳೆದು ಹಾಕ್ತಾರೆ. ಸ್ಟಾರ್ಟ್-ಸ್ಟಾಪ್ ಗಾಡಿಗೆ ಇಎಫ್‌ಬಿ ಅಥವಾ ಎಜಿಎಂ (ಪದೇ ಪದೇ ಸ್ಟಾರ್ಟ್ ಆಗೋದನ್ನ ತಡೆಯೋ ಬ್ಯಾಟರಿ) ಬಂದಿದ್ರೆ ಅದನ್ನೇ ಹಾಕಿ, ಮಾಮೂಲಿದು ಅಗ್ಗ ಅಂತ ಹಾಕಿಸಿದ್ರೆ ಬೇಗ ಸಾಯತ್ತೆ. ಅಂಗಡಿಗೆ ಹೋಗುವಾಗ ಮೀಟರ್ ಜೇಬಲ್ಲಿ ಇರಲಿ. ಡಬ್ಬದಿಂದ ತೆಗೆದ ಹೊಸ ಬ್ಯಾಟರಿ ಮೇಲೆ ಅವರ ಎದುರಿಗೇ ಕಡ್ಡಿ ಇಡಿ, 12.4ಕ್ಕಿಂತ ಕಮ್ಮಿ ತೋರಿಸಿದ್ರೆ ಅದು ಗೋಡೌನ್‌ನಲ್ಲಿ ಕೂತು ಹಳಸಿದ ಮಾಲು, ಬೇರೇದು ಕೊಡಿ ಅನ್ನಿ. ಮುಖ ಸಿಂಡರಿಸ್ತಾರೆ, ಆದ್ರೆ ಕೊಡ್ತಾರೆ. ಹಳೇದನ್ನ ಗುಜರಿಯವನಿಗೆ ಹಾಕ್ಬೇಡಿ, ಒಳಗಿರೋದು ಸೀಸ ಮತ್ತು ಆಸಿಡ್, ಕೆಲವರು ಆಸಿಡನ್ನ ಗಟಾರಕ್ಕೆ ಚೆಲ್ಲಿ ಸೀಸ ಮಾತ್ರ ಇಟ್ಕೊಳ್ತಾರೆ. ಅದೇ ಅಂಗಡಿಗೆ ಎಕ್ಸ್‌ಚೇಂಜ್ ಕೊಟ್ಟು, ಅದರ ದುಡ್ಡು ಬಿಲ್ಲಲ್ಲಿ ಕಳೆದಿದ್ದಾರಾ ಅಂತ ನೋಡ್ಕೊಳ್ಳಿ.